ಕಾಲರಿನ ಒಳಗೆ ಮೂರು ಹೊಲಿಗೆ

"ಈ ಅಂಗಿಯು ನನ್ನದಲ್ಲ."

ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತಿದವಳಿಗೆ ಮೊದಲು ಕಂಡದ್ದು ಎರಡು ಉದ್ದನೆಯ ಕೈಗಳು. ಅಂಗಿಯ ತೋಳು ಮೊಣಕೈ ದಾಟಿ ನಾಲ್ಕು ಬೆರಳಿಗೇ ಮುಗಿದುಹೋಗಿತ್ತು. ಎದೆಯ ಹತ್ತಿರ ಒಂದು ಗುಂಡಿ ಈಗಲೋ ಆಗಲೋ ಹಾರಿಹೋಗುವಂತಿತ್ತು.

"ನಿಮ್ಮದಲ್ಲ ಅಂತ ಕಾಣ್ತಾನೇ ಇದೆ. ಮತ್ತೆ ಹಾಕ್ಕೊಂಡು ಯಾಕೆ ಬಂದ್ರಿ?"

"ಉಳಿದ ಅಂಗಿಗಳು ನಿಮ್ಮಲ್ಲಿಯೇ ಇವೆ. ಬರಿಮೈಯಲ್ಲಿ ಬರುವುದು ಉಚಿತವಲ್ಲ."

ಅವಳಿಗೆ ನಗು ಬಂತು. ಪಾಠದ ಪುಸ್ತಕ ಎದ್ದು ಬಂದು ಕೌಂಟರಿನ ಮುಂದೆ ನಿಂತು ಮಾತಾಡಿದ ಹಾಗಿತ್ತು. ಆದರೆ ಅವನ ಮುಖ ನೋಡಿದಾಗ ನಗು ಗಂಟಲಲ್ಲೇ ನಿಂತಿತು.

ಅವನು ಕೋಪದಲ್ಲಿದ್ದ. ಕೂಗಾಡುವ ಕೋಪವಲ್ಲ... ತುಂಬ ದಿನದಿಂದ ನುಂಗಿಕೊಂಡದ್ದು.

"ಇದು ಎರಡನೆಯ ಬಾರಿ. ನನ್ನ ಹೆಸರು ಬರೆಯುವುದು ಕಷ್ಟವಾದರೆ ಹೇಳಿ. ಆದರೆ ಇದನ್ನು ಬರೆಯಬೇಡಿ."

ಅವನು ಕೌಂಟರಿನ ಮೇಲೆ ಇಟ್ಟ ಬಟ್ಟೆಯ ಪಟ್ಟಿಯನ್ನು ಅವಳು ತಿರುಗಿಸಿ ನೋಡಿದಳು. ಬೇರೆಯವರ ಪಟ್ಟಿಯ ಮೇಲೆ ಹೆಸರು ಇರುವ ಜಾಗದಲ್ಲಿ, ಯಜಮಾನಿಯ ದಪ್ಪ ಅಕ್ಷರದಲ್ಲಿ, ಬರೀ ಒಂದು ಪ್ರಶ್ನೆಚಿಹ್ನೆ ಇತ್ತು.

ಅವಳ ಕೆನ್ನೆ ಬಿಸಿಯಾಯಿತು.

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಬೂದು ಬಣ್ಣದ ಕೆಲಸದ ಕೋಟಿನ ಕಾಲರಿಗೆ ಸದಾ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದಳು, ನಾಲಿಗೆಯೂ ಹಾಗೆಯೇ ಇತ್ತು. ಆ ದಿನ ನಾಲಿಗೆ ಕೈಕೊಟ್ಟಿತು. ಸೂಜಿ ಕೆಲಸಕ್ಕೆ ಬಂತು.

ಅವಳು ಅವನ ನಿಜವಾದ ಅಂಗಿಯನ್ನು ಹುಡುಕಿ ತೆಗೆದಳು. ಕೈಗೆ ಸಿಕ್ಕ ಕೆಂಪು ದಾರ ಪೋಣಿಸಿ, ಕಾಲರಿನ ಒಳಗೆ ಸಾಲಾಗಿ ಮೂರು ಹೊಲಿಗೆ ಹಾಕಿದಳು.

"ಇನ್ಮೇಲೆ ನಿಮ್ಮ ಬಟ್ಟೆ ತಪ್ಪಲ್ಲ."

ಅವನು ಬಗ್ಗಿ ನೋಡಿದ. "ಮೂರು ಏಕೆ?"

"ಒಂದು ಬಿಚ್ಚಿಹೋಗುತ್ತೆ. ಎರಡು ಸವೆದುಹೋಗುತ್ತೆ. ಮೂರು ಹಾಕಿದ್ರೆ ಉಳಿಯುತ್ತೆ."

ಅವನ ಕೋಪ ಅಲ್ಲಿಗೆ ಇಳಿಯಿತು. ಆದರೆ ಅವನ ಹೆಸರೇನು ಎಂದು ಅವಳು ಆಗಲೂ ಕೇಳಲಿಲ್ಲ. ದಾರ ಇದೆಯಲ್ಲ... ಹೆಸರು ಯಾಕೆ?

ಈ ಉಪಾಯ ಯಜಮಾನಿಗೆ ಬಹಳ ಹಿಡಿಸಿತು. "ಹೊರದೇಶದಿಂದ ಬಂದವರಿಗೆಲ್ಲ ಇದನ್ನೇ ಹಾಕಿಬಿಡು ಸೂಜಿ. ಆ ಹೆಸರುಗಳನ್ನ ಬರಿಯೋಷ್ಟರಲ್ಲಿ ನನಗೆ ಸಂಜೆ ಆಗುತ್ತೆ."

ಅವಳು ಹಾಕಿದಳು. ಬಣ್ಣ ಬಳಿಯುವವರಿಗೆ, ಬೂಟಿನ ಕಾರ್ಖಾನೆಯವರಿಗೆ, ಎಲ್ಲರಿಗೂ ಮೂರು ಕೆಂಪು ಹೊಲಿಗೆ.

ಅವನು ಲಿಫ್ಟ್ ರಿಪೇರಿಯವನು. ಆ ಬೀದಿಯ ಎಲ್ಲ ಎತ್ತರದ ಕಟ್ಟಡಗಳ ಲಿಫ್ಟ್‌ಗಳೂ ಅವನ ಕೈಯಲ್ಲೇ ಇದ್ದವು. ಪ್ರತಿ ಗುರುವಾರ ಗ್ರೀಸಿನ ಕಲೆಯ ಅಂಗಿ ತರುತ್ತಿದ್ದ.

ತೊಳೆಯುವ ಮೊದಲು ಜೇಬಿಗೆ ಕೈ ಹಾಕಿ ನೋಡುವುದು ಲಾಂಡ್ರಿಯಲ್ಲಿ ಮೊದಲ ದಿನವೇ ಕಲಿಸುವ ಪಾಠ. ಹಾಗೆ ನೋಡಿದಾಗ ಒಮ್ಮೆ ಅವನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು.

"ಈ ವಾರ ಕಲಿತ ಪದಗಳು: ತಗಡು. ಗೊಣಗು. ಅಯ್ಯೋ ಪಾಪ. ಕೊನೆಯದರ ಅರ್ಥ ತಿಳಿಯದು. ಮೂರನೆಯ ಮಹಡಿಯ ಅಜ್ಜಿಯು ನನ್ನನ್ನು ಕಂಡಾಗಲೆಲ್ಲ ಹೇಳುತ್ತಾರೆ."

ಅವಳು ಚೀಟಿಯ ಹಿಂದೆ ಬರೆದಳು: "ಒಬ್ಬರೇ ಕೂತು ಊಟ ಮಾಡೋರನ್ನ ನೋಡಿದ್ರೆ ಹಾಗೆ ಹೇಳ್ತಾರೆ." ಇಸ್ತ್ರಿಯಾದ ಮೇಲೆ ಅದನ್ನು ಮತ್ತೆ ಜೇಬಿಗೆ ಹಾಕಿದಳು.

ಮುಂದಿನ ಗುರುವಾರ ಜೇಬಿನಲ್ಲಿ ಉತ್ತರವಿತ್ತು. "ಹೌದು, ನಾನು ಒಬ್ಬನೇ ಊಟ ಮಾಡುತ್ತೇನೆ. ಅಜ್ಜಿಗೆ ಹೇಗೆ ತಿಳಿಯಿತು?"

ಅದನ್ನು ಓದಿ ಅವಳು ನಗಬೇಕಿತ್ತು. ಯಾಕೋ ಕಣ್ಣು ತುಂಬಿ ಬಂತು.

ಮೂರು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರದ ಚೀಟಿಯಲ್ಲಿ ಪದಗಳ ಪಟ್ಟಿಯೇ ಇರಲಿಲ್ಲ. "ಒಂದು ಪ್ರಶ್ನೆ ಇದೆ. ಅದನ್ನು ಜೇಬಿನಲ್ಲಿಡಲು ಧೈರ್ಯವಿಲ್ಲ. ಮುಂದಿನ ಗುರುವಾರ ಎದುರಿಗೆ ಕೇಳುತ್ತೇನೆ."

ಅವಳು ಆ ವಾರ ಎರಡು ಅಂಗಿ ಸುಟ್ಟಳು. ಯಜಮಾನಿ ಬೈದದ್ದು ಕಿವಿಗೇ ಬೀಳಲಿಲ್ಲ.

ಗುರುವಾರ ಬಂತು. ಅದಕ್ಕೂ ಮೊದಲು ಜ್ವರ ಬಂತು.

ದೂರದ ಯಾವುದೋ ಊರಿನ ಸುದ್ದಿಯಾಗಿದ್ದದ್ದು ಎರಡೇ ದಿನದಲ್ಲಿ ಬೀದಿಗೆ ಇಳಿಯಿತು. ಲಾಂಡ್ರಿಯ ಎದುರಿನ ಆರು ಮಹಡಿಯ ಕಟ್ಟಡದಲ್ಲಿ ಏಳು ಜನ ಮಲಗಿದರು. ಮೂರನೆಯ ಮಹಡಿಯ ಅಜ್ಜಿಯನ್ನು ಆಸ್ಪತ್ರೆಗೆ ಸಾಗಿಸಿದರು. ಎಲ್ಲರ ಬಾಯಲ್ಲೂ ಒಂದೇ ಮಾತು. ಹೊರಗಿನವರು ತಂದದ್ದು.

ಆ ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬಂದವಳು ಲಾಂಡ್ರಿಯ ಮೆಟ್ಟಿಲ ಹತ್ತಿರ ಕಾಲು ಕಿತ್ತಿಡಲಾಗದೆ ನಿಂತುಬಿಟ್ಟಳು.

ಫುಟ್‌ಪಾತಿನ ಮೇಲೆ ಬಟ್ಟೆಗಳ ರಾಶಿ. ತೊಳೆದು, ಇಸ್ತ್ರಿ ಮಾಡಿ, ಅವಳೇ ನಿನ್ನೆ ಮಡಿಸಿಟ್ಟಿದ್ದ ಬಟ್ಟೆಗಳು. ಅದರ ಮೇಲೆಲ್ಲ ಬಿಳಿ ಬ್ಲೀಚಿಂಗ್ ಪುಡಿ ಸುರಿದಿತ್ತು. ಮೇಲಿದ್ದ ಅಂಗಿಯ ಕಾಲರ್ ಹೊರಳಿಕೊಂಡಿತ್ತು.

ಮೂರು ಕೆಂಪು ಹೊಲಿಗೆ.

"ಅಕ್ಕಾ... ಏನಿದು?"

"ಕೆಂಪು ದಾರದ್ದೆಲ್ಲ ಆಚೆ ಹಾಕಿಸ್ದೆ" ಎಂದಳು ಯಜಮಾನಿ, ಬಾಯಿಗೆ ಬಟ್ಟೆ ಕಟ್ಟಿಕೊಂಡೇ. "ನನಗೇನು ಅವರ ಮೇಲೆ ಹಗೆಯೇ? ಆ ಬಟ್ಟೆ ಇದ್ರೆ ನಾವು ಬರಲ್ಲ ಅಂತ ಗಿರಾಕಿಗಳು ಕೂತಿದ್ದಾರೆ. ಪುಣ್ಯಕ್ಕೆ ನೀನು ಆ ದಾರ ಹಾಕಿದ್ದು ಒಳ್ಳೇದಾಯ್ತು ನೋಡು. ಇಲ್ಲದಿದ್ರೆ ಯಾವುದು ಯಾರದ್ದು ಅಂತ ಹುಡುಕೋದ್ರಲ್ಲೇ ದಿನ ಹೋಗ್ತಿತ್ತು. ಎದುರಿನ ಕಟ್ಟಡದವರಿಗೂ ಹೇಳಿದ್ದೀನಿ, ಕಾಲರ್ ನೋಡಿ ಒಳಗೆ ಬಿಡಿ ಅಂತ."

ಅವಳಿಗೆ ಯಾರೋ ಹೊಗಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಬಗ್ಗಿ ಆ ಕಾಲರಿನ ಹೊಲಿಗೆಯ ಮೇಲೆ ಬೆರಳಿಟ್ಟಳು.

ನಾನು ಹಾಕಿದ್ದು... ನಾನೇ ಹಾಕಿದ್ದು.

ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ಅವನು ನಿಂತಿದ್ದ. ಅಂಗಿಯ ಮೇಲಿನ ಎರಡು ಗುಂಡಿ ಕಿತ್ತುಹೋಗಿತ್ತು. ಕಾಲರ್ ಒಂದು ಕಡೆ ಹರಿದು ಜೋತಾಡುತ್ತಿತ್ತು. ಅವನು ಬಟ್ಟೆಯ ರಾಶಿಯನ್ನು ನೋಡಿದ, ಆಮೇಲೆ ಅವಳನ್ನು.

"ಕಟ್ಟಡದ ಬಾಗಿಲಿನಲ್ಲಿ ನಾಲ್ವರು ನನ್ನನ್ನು ಹಿಡಿದು ಕಾಲರನ್ನು ಮಗುಚಿದರು. ಈ ದಾರದ ಅರ್ಥ ಅವರಿಗೆ ತಿಳಿದಿದೆ. ನನಗೆ ತಿಳಿದಿರಲಿಲ್ಲ."

ಯಜಮಾನಿ ಎರಡು ಹೆಜ್ಜೆ ಹಿಂದೆ ಸರಿದಳು. ಬೀದಿಯವರು ನಿಂತು ನೋಡತೊಡಗಿದರು.

"ಇದನ್ನು ಇದಕ್ಕಾಗಿಯೇ ಹಾಕಿದಿರಾ? ನಾನು ನಿಮ್ಮನ್ನು ಕೇಳುತ್ತಿದ್ದೇನೆ."

ಇಲ್ಲ ಎನ್ನಬೇಕಿತ್ತು. ಒಂದೇ ಒಂದು ಮಾತು... ಆದರೆ ಅಷ್ಟು ಕಣ್ಣುಗಳ ಮುಂದೆ ಅವಳ ಬಾಯಿ ಕಟ್ಟಿಹೋಯಿತು.

ಅವನು ಕಾದ. ಆಮೇಲೆ ಸೊಂಟದ ಚೀಲದಿಂದ ಸಣ್ಣ ಇಕ್ಕಳ ತೆಗೆದು, ಕಾಲರಿನ ದಾರವನ್ನು ಒಂದೊಂದಾಗಿ ಕಿತ್ತು ಲಾಂಡ್ರಿಯ ಮೆಟ್ಟಿಲ ಮೇಲಿಟ್ಟ. ಮೂರು ಕೆಂಪು ಚೂರು.

ಅವನು ಹೋದ ಮೇಲೆ ಯಜಮಾನಿ ಉಸಿರು ಬಿಟ್ಟಳು. "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವ್ಯಾನ್ ಬರುತ್ತಂತೆ. ಅವರನ್ನೆಲ್ಲ ಊರಾಚೆ ಗೋಡೌನಿನಲ್ಲಿ ಇಡ್ತಾರೆ. ಇವನನ್ನ ಮಾತ್ರ ಗಡಿ ದಾಟಿಸಿಬಿಡ್ತಾರಂತೆ, ಮತ್ತೆ ಬರೋ ಹಾಗಿಲ್ಲ. ಹತ್ತನೇ ತಾರೀಖು ಎದುರಿನ ಕಟ್ಟಡದ ಲಿಫ್ಟ್ ರಿಪೇರಿ ಮಾಡಿದ್ದು ಇವನೇ ಅಲ್ವಾ? ಹನ್ನೊಂದಕ್ಕೆ ಜ್ವರ ಶುರು. ಇನ್ನೇನು ಬೇಕು?"

ಸೂಜಿ ಫುಟ್‌ಪಾತಿನ ಮೇಲೆ ಮೊಣಕಾಲೂರಿ, ಪುಡಿ ಕೊಡವಿ ಕೊಡವಿ ಬಟ್ಟೆಗಳನ್ನೆಲ್ಲ ಒಂದು ಚಾದರದಲ್ಲಿ ಗಂಟು ಕಟ್ಟಿದಳು.

"ಆ ಗಂಟು ಹೊತ್ಕೊಂಡು ಹೋದ್ರೆ ನಾಳೆಯಿಂದ ಇಲ್ಲಿಗೆ ಬರಬೇಡ" ಎಂದಳು ಯಜಮಾನಿ.

ಅವಳು ಹೊತ್ತುಕೊಂಡು ಹೋದಳು.

ಮನೆಯ ಬಾಗಿಲಲ್ಲಿ ಅಮ್ಮ ಅಡ್ಡ ನಿಂತಳು. "ಒಳಗೆ ತರಬೇಡ ಅದನ್ನ. ಹೊರಗಿನವರ ಬಟ್ಟೆ ಅಂತೆ, ಆಗಲೇ ಸುದ್ದಿ ಬಂತು. ಅಣ್ಣ ಬೇರೆ ಬೆನ್ನು ಹಿಡ್ಕೊಂಡು ಮಲಗಿದ್ದಾನೆ."

ಅಣ್ಣ ಪಾರ್ಸೆಲ್ ಗಾಡಿ ಓಡಿಸುವವನು. ದೂರದ ಊರಿನಿಂದ ಬಂದವನು ಒಂದು ವಾರದಿಂದ ಬೆನ್ನುನೋವೆಂದು ಕೋಣೆ ಬಿಟ್ಟು ಬಂದಿರಲಿಲ್ಲ. ಅವನ ಕೋಣೆಗೆ ತಾನಲ್ಲದೆ ಯಾರೂ ಹೋಗಕೂಡದು ಎಂದು ಅಮ್ಮ ಹೇಳಿದ್ದಳು. ತಂಗಿ ನಂಬಿದ್ದಳು.

"ಹಿತ್ತಲಲ್ಲೇ ಒಗೀತೀನಿ ಬಿಡಮ್ಮ."

ದೊಡ್ಡ ತೊಟ್ಟಿಗೆ ಬಿಸಿನೀರು ಹಾಕಿದಳು. ಒಂದೊಂದೇ ಅಂಗಿ ಮುಳುಗಿಸಿದಳು. ಹಿತ್ತಲ ಮೊಳೆಯಲ್ಲಿ ಅಣ್ಣನ ಜಾಕೆಟ್ ನೇತಾಡುತ್ತಿತ್ತು. ಇದೂ ಒಂದು ಆಗಿಹೋಗಲಿ ಎಂದು ಎಳೆದುಕೊಂಡು, ಅಭ್ಯಾಸದಂತೆ ಜೇಬಿಗೆ ಕೈ ಹಾಕಿದಳು.

ನಾಲ್ಕಾಗಿ ಮಡಿಸಿದ ಕಾಗದ. ಬೇರೆ ಊರಿನ ಆಸ್ಪತ್ರೆಯದು. ಅಣ್ಣನ ಹೆಸರು. ಐದನೇ ತಾರೀಖು. ಆ ಜ್ವರದ ಹೆಸರು, ಅದರ ಮುಂದೆ ಕೆಂಪು ಮುದ್ರೆ. ಕೆಳಗೆ, ಹದಿನಾಲ್ಕು ದಿನ ಮನೆ ಬಿಟ್ಟು ಹೊರಡಬಾರದು.

ಅವಳು ಎರಡು ಸಲ ಓದಿದಳು. ಮೂರನೇ ಸಲಕ್ಕೆ ಅಕ್ಷರಗಳು ಒಂದರೊಳಗೊಂದು ಸೇರಿಹೋದವು.

ಏಳನೇ ತಾರೀಖು ಅಣ್ಣ ಕೆಲಸಕ್ಕೆ ಹೋಗಿದ್ದ. ಬಂದು, ಆರು ಮಹಡಿ ಕಟ್ಟಡದಲ್ಲಿ ಮನೆಮನೆಗೂ ಪಾರ್ಸೆಲ್ ಇತ್ತು, ಹತ್ತಿ ಇಳಿದು ಸಾಕಾಯಿತು ಎಂದಿದ್ದ. ಅವಳೇ ಅವನಿಗೆ ನೀರು ಕೊಟ್ಟಿದ್ದಳು.

"ಅಮ್ಮ." ಅವಳ ದನಿ ಅವಳಿಗೇ ಪರಿಚಯವಿಲ್ಲದಂತಿತ್ತು. "ನಿನಗೆ ಗೊತ್ತಿತ್ತಾ?"

ಅಮ್ಮ ಕಾಗದ ನೋಡಿದಳು. ಹಿತ್ತಲ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

"ಮೊದಲು ಗೊತ್ತಿರಲಿಲ್ಲ ಕಣೇ. ಅವನೂ ನೆಗಡಿ ಅಂದ್ಕೊಂಡೇ ಕೆಲಸಕ್ಕೆ ಹೋಗಿದ್ದು. ಕಾಗದ ಓದಿಯೂ ನಂಬಲಿಲ್ಲ ಅವನು. ಆಮೇಲೆ... ಬಾಗಿಲಿಗೆ ಚೀಟಿ ಅಂಟಿಸ್ತಾರಲ್ಲ. ಅವನ ಕೆಲಸ ಹೋಗುತ್ತೆ. ನಿನ್ನನ್ನ ಯಾರು ಕೇಳ್ಕೊಂಡು ಬರ್ತಾರೆ?"

"ನಲ್ಲಿ ಹತ್ತಿರ ಹೊರಗಿನವರೇ ತಂದದ್ದು ಅಂತ ಎಲ್ಲರಿಗಿಂತ ಜೋರಾಗಿ ಹೇಳಿದ್ದು ನೀನಮ್ಮ. ನನ್ನ ಕಿವಿಯಾರೆ ಕೇಳಿದ್ದೀನಿ."

"ಹೇಳಿದೆ. ಅವರ ಕಣ್ಣು ನಮ್ಮನೆ ಕಡೆ ತಿರುಗದೆ ಇರ್ಲಿ ಅಂತ ಹೇಳಿದೆ." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನ ಮಕ್ಕಳು ನನಗೆ."

ಅವನಿಗೂ ಎಲ್ಲೋ ಒಬ್ಬಳು ಅಮ್ಮ ಇರುತ್ತಾಳೆ... ಎಂದು ಹೇಳಬೇಕೆನಿಸಿತು. ಅದರ ಬದಲು ಅವಳು ಅಮ್ಮನ ಕೈಯನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡಳು.

"ನಾಳೆ ಹತ್ತು ಗಂಟೆಗೆ ಒಬ್ಬರನ್ನ ಈ ಊರಿನಿಂದಲೇ ಅಟ್ತಾರೆ ಅಮ್ಮ. ಅಣ್ಣ ಮಾಡಿದ್ದಕ್ಕೆ."

ಕೋಣೆಯ ಮುಚ್ಚಿದ ಬಾಗಿಲಿನ ಆಚೆಯಿಂದ ಕೆಮ್ಮು ಕೇಳಿಸಿತು. ಆಮೇಲೆ ಅಣ್ಣನ ಬಳಲಿದ ದನಿ.

"ಹೋಗಿ ಹೇಳ್ಬಿಡೇ. ಆ ಅಜ್ಜಿ ಬಾಗಿಲಿಗೆ ಬಂದು ನನಗೆ ನೀರು ಕೊಟ್ಟಿದ್ರು... ಕಣ್ಣು ಮುಚ್ಚಿದ್ರೆ ಅವರೇ ಕಾಣ್ತಾರೆ."

ಆರೋಗ್ಯ ಕೇಂದ್ರದ ಬಾಗಿಲು ಹಾಕುವ ಹೊತ್ತಿಗೆ ಅವಳು ಓಡಿ ಬಂದು ತಲುಪಿದಳು. ಒಳಗೆ ಹೋಗದೆ, ಕಿಟಕಿಯ ಹೊರಗೇ ನಿಂತು, ಕಾಗದವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಹಿರಿಯ ನರ್ಸಮ್ಮ ಕೈಗವಸು ಹಾಕಿಕೊಂಡು ಅದನ್ನು ಓದಿದರು. ತಾರೀಖಿನ ಮೇಲೆ ಬೆರಳಿಟ್ಟು ಎಣಿಸಿದರು.

"ಈ ಜ್ವರ ತಗುಲಿದ ಮೇಲೆ ಮೇಲೇಳೋಕೆ ನಾಲ್ಕು ದಿನ ಬೇಕು" ಎಂದರು. "ಹತ್ತನೇ ತಾರೀಖು ಬಂದವನಿಂದ ಹನ್ನೊಂದಕ್ಕೆ ಹೇಗಮ್ಮ ಬರುತ್ತೆ? ನಾನು ಹೇಳ್ದೆ. ಬೇರೆ ಯಾರೂ ದೂರದಿಂದ ಬಂದವರೇ ಇಲ್ಲ ಅಂದ್ರು ಎಲ್ಲ." ಅವರು ವ್ಯಾನಿನಲ್ಲಿ ಹೋಗಬೇಕಾದವರ ಹೆಸರಿದ್ದ ದಪ್ಪ ಪುಸ್ತಕವೊಂದನ್ನು ತೆರೆದರು. "ಸರಿ, ಎಲ್ಲರ ಹೆಸರೂ ತೆಗೆದುಹಾಕೋಣ, ಮೊದಲು ಅವನದು. ಅವನ ಹೆಸರೇನು?"

ಅವಳು ಬಾಯಿ ತೆರೆದಳು.

ಹೆಸರು...

ಮೂರು ತಿಂಗಳ ಚೀಟಿಗಳು ಅವಳ ತಲೆದಿಂಬಿನ ಕೆಳಗಿದ್ದವು. ಅವನ ತೋಳಿನ ಅಳತೆ ಗೊತ್ತಿತ್ತು. ಗ್ರೀಸ್ ಯಾವ ಕೈಗೆ ಹೆಚ್ಚು ಹತ್ತುತ್ತದೆ ಎಂದು ಗೊತ್ತಿತ್ತು. ಅವನು ಒಬ್ಬನೇ ಊಟ ಮಾಡುತ್ತಾನೆಂದು ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಯಜಮಾನಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದಳು, ತಾನು ಮೂರು ಹೊಲಿಗೆ. ಏನು ವ್ಯತ್ಯಾಸ?

"ಲಿಫ್ಟ್... ಲಿಫ್ಟ್‌ನವರು" ಎಂದಳು. ಇಷ್ಟು ಹೊತ್ತು ಬಾರದ ಅಳು ಆಗ ಬಂತು.

ನರ್ಸಮ್ಮ ಕೆಲಸದ ಕಾಲಮ್ಮಿನ ಮೇಲೆ ಬೆರಳು ಇಳಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, ಒಂದು ಹೆಸರು ಓದಿದರು. ಉದ್ದದ ಹೆಸರು. ಅವಳು ಅದನ್ನು ಮೊದಲ ಬಾರಿ ಕೇಳಿದ್ದು ಹಾಗೆ. ಮನೆಯ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ತಿರುವಿಗೆ ಬರುವಷ್ಟರಲ್ಲಿ ನಡುವಿನ ಎರಡು ಅಕ್ಷರ ಜಾರಿಹೋಗಿದ್ದವು.

ಮಾರನೇ ದಿನ ಹತ್ತು ಗಂಟೆಗೆ ವ್ಯಾನ್ ಅವನ ಬಾಗಿಲಿಗೂ ಉಳಿದವರ ಬಾಗಿಲಿಗೂ ಹೋಗಲಿಲ್ಲ. ಅದರ ಬದಲು ಅವಳ ಮನೆಯ ಬಾಗಿಲಿಗೆ ಹಳದಿ ಚೀಟಿ ಬಿತ್ತು. ಹದಿನಾಲ್ಕು ದಿನ.

ನಲ್ಲಿಯ ಹತ್ತಿರ ಅಮ್ಮನ ಜೊತೆ ನಿಂತು ಮಾತಾಡುತ್ತಿದ್ದವರೆಲ್ಲ ಈಗ ಬೀದಿಯ ಆ ಬದಿಯಿಂದ ಹೋಗುತ್ತಿದ್ದರು. ಪಕ್ಕದ ಮನೆಯವರು ಕಿಟಕಿಗೆ ರಟ್ಟು ಹೊಡೆದರು. ಅಮ್ಮ ಕಿಟಕಿಯ ಸಂದಿಯಿಂದ ಅದನ್ನೇ ನೋಡುತ್ತಾ ಕೂತಿರುತ್ತಿದ್ದಳು. ಮಗಳ ಮೇಲೆ ಸಿಟ್ಟಿತ್ತು, ಮಾತು ಬಿಟ್ಟಿದ್ದಳು. ತಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಮುಂದಿಡುತ್ತಿದ್ದಳು.

ಮನೆಯ ಹೊದಿಕೆ, ಬಟ್ಟೆಗಳನ್ನು ಆರೋಗ್ಯ ಕೇಂದ್ರದವರೇ ಒಯ್ದು ಕುದಿಸಿ ತರಬೇಕೆಂದು ನಿಯಮ. ತೊಟ್ಟಿಯಲ್ಲಿದ್ದ ಅಂಗಿಗಳನ್ನು ಕುದಿಸಿ ಅವರವರಿಗೇ ತಲುಪಿಸಿದರು. ಮನೆಯ ಗಂಟಿನಲ್ಲಿ ಅವಳ ಬೂದು ಕೋಟೂ ಹೋಗಿತ್ತು. ಆರನೇ ದಿನ ಮಧ್ಯಾಹ್ನ ಗಂಟು ಗೇಟಿನ ಹತ್ತಿರ ವಾಪಸ್ಸು ಬಂದಿತ್ತು.

ಬಿಚ್ಚಿ ನೋಡಿದವಳ ಹುಬ್ಬು ಗಂಟಿಕ್ಕಿತು. ಇಸ್ತ್ರಿ ಮಾಡಿದ್ದರು. ಕೆಟ್ಟದಾಗಿ. ತೋಳಿಗೆ ಎರಡೆರಡು ಗೆರೆ ಬಿದ್ದಿತ್ತು.

ಕೇಂದ್ರದವರು ಇಸ್ತ್ರಿ ಮಾಡಲ್ಲ. ಇದು ಯಾರ ಕೈ?

ಕೋಟಿನ ಕಾಲರ್ ಮಗುಚಿದಳು.

ಒಳಗೆ ಕೆಂಪು ದಾರದ ಮೂರು ಹೊಲಿಗೆ. ಒಂದು ಉದ್ದ, ಒಂದು ಗಿಡ್ಡ, ಒಂದು ಅಡ್ಡಾದಿಡ್ಡಿ. ಗಂಟು ತಪ್ಪು ಬದಿಗೆ ಬಿದ್ದಿತ್ತು.

ಬೆರಳು ತಾನಾಗಿಯೇ ಜೇಬಿಗೆ ಹೋಯಿತು. ಚೀಟಿ.

"ಈ ಕೋಟು ನಿಮ್ಮದು. ಇನ್ನು ತಪ್ಪುವುದಿಲ್ಲ."

ತಲೆ ಎತ್ತಿದಳು. ಗೇಟಿನಿಂದ ಹತ್ತು ಹೆಜ್ಜೆ ಆಚೆ, ದೀಪದ ಕಂಬದ ಪಕ್ಕ ಅವನು ನಿಂತಿದ್ದ. ತೋಳಿಗೆ ಸರಿಯಾದ ಅಳತೆಯ ಅಂಗಿಯಲ್ಲಿ.

"ನರ್ಸಮ್ಮನವರು ಎಲ್ಲವನ್ನೂ ಹೇಳಿದರು. ಈ ಗಂಟನ್ನೂ ನನ್ನ ಕೈಗೆ ಕೊಟ್ಟರು" ಎಂದ.

"ಆ ದಾರ ಹಾಕಿದ್ದು ನಾನೇ" ಎಂದಳು ಅವಳು. ಅಂದು ಬಾರದ ಮಾತು ಈಗ ತಡೆಯಿಲ್ಲದೆ ಬಂತು. "ಅದಕ್ಕಲ್ಲ... ನಿಮ್ಮ ಬಟ್ಟೆ ತಪ್ಪದಿರ್ಲಿ ಅಂತ. ಆದ್ರೆ ಎಲ್ಲರಿಗೂ ಹಾಕು ಅಂದಾಗ ಯಾಕೆ ಅಂತ ಕೇಳ್ಲಿಲ್ಲ. ನಿಮ್ಮ ಹೆಸರನ್ನೂ ಕೇಳ್ಲಿಲ್ಲ."

"ನನಗೆ ದಾರದಿಂದ ನೋವಾಗಲಿಲ್ಲ. ನಾನು ಕೇಳಿದಾಗ ನೀವು ಸುಮ್ಮನಿದ್ದಿರಿ."

"ಗೊತ್ತು."

"ಅಜ್ಜಿಯು ಆಸ್ಪತ್ರೆಯಿಂದ ಹಿಂದಿರುಗಿದ್ದಾರೆ. ಲಿಫ್ಟ್‌ನಲ್ಲಿ ನಾನೇ ಮೇಲೆ ಕರೆದೊಯ್ದೆ. ಆ ನಾಲ್ವರು ಅಲ್ಲಿಯೇ ನಿಂತಿದ್ದರು, ಪಕ್ಕಕ್ಕೆ ಸರಿದರು. ಅಜ್ಜಿ ಮಾತ್ರ ನನ್ನನ್ನು ನೋಡಿ ಮತ್ತೆ ಅಯ್ಯೋ ಪಾಪ ಎಂದರು."

ಗೇಟಿನ ಕಡೆಗಿದ್ದ ಕೋಣೆಯ ಕಿಟಕಿಯಿಂದ ಅಣ್ಣ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

"ಅವರು ಹಾಗೆನ್ನುವುದನ್ನು ನಿಲ್ಲಿಸಬೇಕಾಗಿದೆ" ಎಂದ ಅವನು. "ಅದೇ ನನ್ನ ಪ್ರಶ್ನೆಯಾಗಿತ್ತು. ನನ್ನೊಡನೆ ಕುಳಿತು ಊಟ ಮಾಡುವಿರಾ?"

"ಒಂದು ದಿನಕ್ಕಾ?"

"ಅಲ್ಲ. ದಿನವೂ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೋಟನ್ನು ಎದೆಗೆ ಒತ್ತಿಕೊಂಡಳು.

"ಮೊದಲು ಹೆಸರು ಹೇಳಿ. ನಿಧಾನಕ್ಕೆ."

ಅವನು ಹೇಳಿದ. ಅವಳು ಹೇಳಿದಳು. ಅವನು ಅಲ್ಲವೆಂದು ತಲೆಯಾಡಿಸಿದ. ಮತ್ತೆ ಹೇಳಿದಳು, ನಡುವಿನ ಎರಡು ಅಕ್ಷರ ಅದಲುಬದಲಾದವು. ಮೂರನೇ ಸಲಕ್ಕೆ ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಎಷ್ಟೋ ದಿನದಿಂದ ಆ ಹೆಸರನ್ನು ಯಾರೂ ಪೂರ್ತಿಯಾಗಿ ಕರೆದಿರಲಿಲ್ಲ.

"ಇನ್ನೂ ಎಂಟು ದಿನ ನಾನು ಹೊರಗೆ ಬರೋ ಹಾಗಿಲ್ಲ" ಎಂದಳು.

"ನನ್ನದು ಲಿಫ್ಟ್ ಕೆಲಸ. ಕೆಳಗೆ ನಿಂತು ಕಾಯುವುದು ಅಭ್ಯಾಸವಿದೆ."

"ಕಾಯೋದು ಕಾಯಿರಿ. ಇಸ್ತ್ರಿ ಮಾತ್ರ ಇನ್ನೊಂದು ಸಲ ಮಾಡ್ಬೇಡಿ. ಕೈ ಮುಗೀತೀನಿ."

ಒಳಗಿನಿಂದ ಅಮ್ಮನ ದನಿ ಬಂತು. ಆರು ದಿನಗಳಲ್ಲಿ ಮಗಳ ಜೊತೆ ಆಡಿದ ಮೊದಲ ಮಾತು.

"ಯಾರೇ ಅದು, ಬಿಸಿಲಲ್ಲಿ ನಿಂತಿರೋದು?"

ಅವಳು ಗೇಟಿನತ್ತ ನೋಡುತ್ತಲೇ, ಒಂದು ಅಕ್ಷರವೂ ತಪ್ಪದಂತೆ, ಅವನ ಹೆಸರು ಹೇಳಿದಳು.

ಕಿಟಕಿಯ ಬಾಗಿಲು ಅರ್ಧ ತೆರೆಯಿತು.

"ನೆರಳಿಗೆ ನಿಂತ್ಕೊಳ್ಳೋಕೆ ಹೇಳು ಅವರಿಗೆ" ಎಂದಳು ಅಮ್ಮ.